ಆ ಕೊರಿಯಾದವನ ಮೇಲಿನ ಸಿಟ್ಟು

ಮಾರ್ಚ್ 4, ಸೋಮವಾರ. ಬೆಳಿಗ್ಗೆ, ಡಯಾಲಿಸಿಸ್ ಕುರ್ಚಿ

ಮತ್ತೆ ಗೋಡೆ ಪಕ್ಕದ ಕುರ್ಚಿ. ಕಿಟಕಿಯ ಹತ್ತಿರದ್ದು ಕೊಡಿ ಎಂದು ಕೇಳಿ ಕೇಳಿ ನಾಲಿಗೆ ಸವೆಯಿತು. ಟೆಕ್ನಿಷಿಯನ್ ಹುಡುಗಿ ಸೂಜಿ ಚುಚ್ಚುತ್ತಾ, "ಅದು ಬುಕ್ ಆಗಿದೆ ಆಂಟಿ" ಎಂದಳು. ಕಿಡ್ನಿ ಕೆಟ್ಟವರಿಗೂ ರಿಸರ್ವೇಶನ್! ಆಂಟಿ ಅನ್ನಬೇಡ ಎಂದು ಹೇಳುವುದನ್ನೇ ಬಿಟ್ಟಿದ್ದೇನೆ. ಎಡಗೈಗೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ ಹೋಗಿ, ಮಷಿನ್ನಿನಲ್ಲಿ ತೊಳೆದುಕೊಂಡು, ಇನ್ನೊಂದರಿಂದ ವಾಪಸ್. ನಾಲ್ಕು ಗಂಟೆ ಆ ಕೈ ಅಲ್ಲಾಡಿಸುವಂತಿಲ್ಲ. ವಾರಕ್ಕೆ ಮೂರು ದಿನ. ಬಲಗೈ ಖಾಲಿ — ಅದಕ್ಕೇ ಈ ಗೀಚಾಟ.

ಪಕ್ಕದ ಕುರ್ಚಿಗೆ ಹೊಸಬ. ಸಂಜೆ ಶಿಫ್ಟಿನಿಂದ ಬೆಳಗಿನದಕ್ಕೆ ಬದಲಾಯಿಸಿಕೊಂಡನಂತೆ. ಟೈರ್ ಅಂಗಡಿ ಇದೆಯಂತೆ. ದಪ್ಪ ತೋಳು, ಪೊದೆ ಮೀಸೆ. ನೋಡಿದರೆ ಹೊಡೆದಾಟದವನು ಎನ್ನಬೇಕು. ಕೂತವನೇ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೊರಿಯಾದ ಸೀರಿಯಲ್ ಹಾಕಿದ. ನಮ್ಮ ಭಾಷೆಗೆ ಡಬ್ ಮಾಡಿದ್ದು. ಫುಲ್ ಸೌಂಡ್.

"ಇಯರ್‌ಫೋನ್ ಇಲ್ವಾ?" ಎಂದೆ.

"ಇದೆ ಮೇಡಂ. ಹಾಕ್ಕೊಂಡ್ರೆ ನಿಮಗೆ ಕೇಳಿಸಲ್ವಲ್ಲ" ಎಂದ. ಉಪಕಾರ ಮಾಡುವವನ ಹಾಗೆ!

ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದೇನೆ. ಪಕ್ಕದ ಸೀಟಿನಲ್ಲಿ ಕೂತವರು ಯಾರೂ ನನ್ನ ಮಾತು ಮೀರಿದ್ದಿಲ್ಲ. ಇವನು ಮೊದಲ ದಿನವೇ ಮೀರಿದ. ಜತೆಗೆ ಅಳು ಬೇರೆ. ಹೀರೋಯಿನ್ ಅಳುವುದಕ್ಕೆ ಮೊದಲೇ ಇವನ ಕಣ್ಣಲ್ಲಿ ನೀರು. ಶುಕ್ರವಾರ ಕಂಪ್ಲೇಂಟ್ ಮಾಡುತ್ತೇನೆ.


ಮಾರ್ಚ್ 6, ಬುಧವಾರ

ಶುಕ್ರವಾರದವರೆಗೆ ತಡೆಯಲಾಗಲಿಲ್ಲ. ಇವತ್ತೇ ಕಂಪ್ಲೇಂಟ್ ಮಾಡಿದೆ. ಟೆಕ್ನಿಷಿಯನ್ ಹುಡುಗಿ ಬಂದಳು, ಅವನ ಫೋನಿಗೆ ಬಗ್ಗಿದಳು, "ಅಯ್ಯೋ, ಎಷ್ಟನೇ ಎಪಿಸೋಡ್?" ಎಂದಳು. ಅಲ್ಲೇ ನಿಂತಳು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು.

ಕಥೆ ಕಿವಿಗೆ ಬಿದ್ದೇ ಬೀಳುತ್ತದೆ, ಏನು ಮಾಡಲಿ. ದೊಡ್ಡ ಬಿಲ್ಡಿಂಗ್. ಅದರ ಯಜಮಾನನ ಮಗಳು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಲಿಫ್ಟ್ ರಿಪೇರಿಯ ಹುಡುಗ ಬಂದು ಬಿಡಿಸುತ್ತಾನೆ. ಇಷ್ಟಕ್ಕೆ ಎರಡು ಕಂತು. ಇನ್ನು ಪ್ರೀತಿ ಯಾವಾಗ ಹುಟ್ಟಬೇಕು? ಎಂಟನೇ ಕಂತಿನವರೆಗೂ ಕೈ ಹಿಡಿಯುವುದಿಲ್ಲವಂತೆ. ನನ್ನ ಸ್ಟೂಡೆಂಟುಗಳು ಗೇರ್ ಹಿಡಿಯಲೂ ಇಷ್ಟು ಹೆದರುವುದಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಅವರ ಊಟ ನೋಡಿ. ದುಃಖವಾದರೂ ಸೂಪು, ಸಂತೋಷವಾದರೂ ಸೂಪು. ಬಟ್ಟಲೆತ್ತಿ ಸೊರ್ರೆಂದು ಹೀರುತ್ತಾರೆ. ನನಗೆ ಡಾಕ್ಟರು ಬಿಟ್ಟಿರುವುದು ದಿನಕ್ಕೆ ಎರಡೇ ಲೋಟ ನೀರು, ಅದರಲ್ಲೇ ಮಾತ್ರೆ, ಅದರಲ್ಲೇ ಕಾಫಿ.

"ಬೇರೇದು ಹಾಕಪ್ಪ. ಬಾಯಿ ಒಣಗುತ್ತೆ" ಎಂದೆ.

"ನಮ್ಮ ಪರವಾಗಿ ಅವ್ರು ಕುಡೀತಾರಲ್ಲ ಮೇಡಂ, ಕುಡೀಲಿ ಬಿಡಿ" ಎಂದ. ನಗು ಬಂತು, ತೋರಿಸಲಿಲ್ಲ.

ತಂಗಿ ಕರೆದುಕೊಂಡು ಹೋಗಲು ಬಂದಳು. ಶುಕ್ರವಾರ ಅವಳ ಟೆಸ್ಟ್ ರಿಸಲ್ಟ್. ಅವಳದೊಂದು ಕಿಡ್ನಿ ನನಗೆ ಕೊಡುತ್ತಾಳಂತೆ. ಕಡಲೆಬೀಜ ಹಂಚುವವಳ ಹಾಗೆ ಹೇಳುತ್ತಾಳೆ. ಅಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ. ನಾನೇ ತಲೆ ಬಾಚಿದ್ದು, ನಾನೇ ಸ್ಕೂಲಿಗೆ ಬಿಟ್ಟದ್ದು. ಈಗ ಅವಳಿಗೇ ಆರು ವರ್ಷದ ಮಗಳಿದ್ದಾಳೆ. ಅವಳ ಹೊಟ್ಟೆ ಕೊಯ್ಯಿಸಿ ನಾನು ಬದುಕಬೇಕೇ? ಟೆಸ್ಟ್ ಮಾಡಿಸು ಎಂದು ಒಪ್ಪಿದ್ದೇ ಅವಳ ಕಾಟ ತಡೆಯಲಾರದೆ.


ಮಾರ್ಚ್ 8, ಶುಕ್ರವಾರ. ಮಧ್ಯಾಹ್ನ, ಮನೆ

ಹೊಂದುತ್ತದೆ.

ಮಗಳಿಗೆ ಜ್ವರವೆಂದು ತಂಗಿ ಬರಲಿಲ್ಲ. ಡಾಕ್ಟರ ರೂಮಿಗೆ ಒಬ್ಬಳೇ ಹೋದೆ. ಅವರ ಮುಖ ನೋಡಿದರೆ ತಮಗೇ ಲಾಟರಿ ಹೊಡೆದ ಹಾಗಿತ್ತು. "ಚೆನ್ನಾಗಿ ಹೊಂದುತ್ತೆ. ಇನ್ನು ಕೆಲವು ಟೆಸ್ಟ್ ಇವೆ, ಆದ್ರೆ ದಾರಿ ಕ್ಲಿಯರ್. ನಿಮ್ಮ ತಂಗೀನ ಕರ್ಕೊಂಡು ಬನ್ನಿ" ಎಂದರು.

ಬಾಯಿಗೆ ಬಂದದ್ದು: "ಅವಳು ಬೇಡ ಅಂತಿದಾಳೆ ಡಾಕ್ಟ್ರೇ. ಹೆದರ್ಕೊಂಡಿದಾಳೆ."

ಅವರ ಮುಖ ಸಪ್ಪಗಾಯಿತು. "ಸಹಜ. ಬಲವಂತ ಮಾಡೋ ಹಾಗಿಲ್ಲ" ಎಂದು ನನ್ನ ಹೆಸರನ್ನು ವೇಟಿಂಗ್ ಲಿಸ್ಟಿಗೆ ಹಾಕಿಸಲು ಹೇಳಿದರು. ತೀರಿಕೊಂಡವರ ಕಡೆಯಿಂದ ಯಾವಾಗಲೋ ಸಿಗಬಹುದಂತೆ.

ಹೊರಗೆ ಬಂದು ತಂಗಿಗೆ ಫೋನ್ ಮಾಡಿದೆ. "ಹೊಂದಲಿಲ್ಲ ಕಣೆ. ಬ್ಲಡ್ ಗ್ರೂಪ್ ಒಂದೇ ಆದ್ರೂ ಒಳಗಿಂದೇನೋ ಆಗಿಬರಲ್ಲವಂತೆ."

ಆ ಕಡೆಯಿಂದ ಅಳು. ಜ್ವರದ ಮಗು "ಯಾಕಮ್ಮ" ಎಂದು ಕೇಳುತ್ತಿದ್ದದ್ದು ಕೇಳಿಸಿತು.

ಒಳ್ಳೆಯದನ್ನೇ ಮಾಡಿದ್ದೇನೆ. ಸ್ಟೂಡೆಂಟ್ ಗಾಬರಿಯಾಗಿ ಆಕ್ಸಿಲರೇಟರ್ ಒತ್ತಿದಾಗ ಪಕ್ಕದಲ್ಲಿ ಕೂತವಳು ಬ್ರೇಕ್ ಹಾಕಬೇಕು, ಕೇಳಿ ಹಾಕುವುದಲ್ಲ. ಈ ವಿಷಯ ಇಲ್ಲಿಗೆ ಮುಗಿಯಿತು. ಇನ್ನು ಬರೆಯುವುದಿಲ್ಲ.


ಮಾರ್ಚ್ 11, ಸೋಮವಾರ

ಕೈ ಹಿಡಿದ! ಲಿಫ್ಟಿನಲ್ಲೇ, ಕರೆಂಟ್ ಹೋದಾಗ. ಟೆಕ್ನಿಷಿಯನ್ ಹುಡುಗಿ ಕೂಗಿದ ರಭಸಕ್ಕೆ ಆಚೆ ಸಾಲಿನವರು ಯಾರದೋ ಪ್ರಾಣ ಹೋಯಿತು ಅಂದುಕೊಂಡರು.

ನಾನೂ ನೋಡುತ್ತಿದ್ದೇನೆ, ಸರಿ. ಕುರ್ಚಿ ಅಲ್ಲಾಡಿಸುವಂತಿಲ್ಲ, ಕಿವಿ ಮುಚ್ಚುವಂತಿಲ್ಲ. ಟೈರಣ್ಣ — ಎಲ್ಲರೂ ಹಾಗೇ ಕರೆಯುತ್ತಾರೆ — ಫೋನ್ ಸ್ಟ್ಯಾಂಡನ್ನು ನನ್ನ ಕಡೆಗೂ ಸ್ವಲ್ಪ ತಿರುಗಿಸಿದ್ದಾನೆ. ಅಜ್ಜಿಯ ಪಾತ್ರಕ್ಕೆ ಡಬ್ ಮಾಡಿದವಳ ದನಿ ಹದಿನೆಂಟರ ಹುಡುಗಿಯದು. ಆ ಅಜ್ಜಿ ಬಾಯಿ ತೆರೆದಾಗಲೆಲ್ಲ ಮೈ ಉರಿಯುತ್ತದೆ.

"ಅಲ್ಲಪ್ಪ, ಅವರ ಭಾಷೆ ನಮ್ಮದಲ್ಲ, ಮುಖ ನಮ್ಮದಲ್ಲ. ಅದ್ಯಾಕೆ ಊರಿಗೂರೇ ಇದರ ಹಿಂದೆ ಬಿದ್ದಿದೆ?" ಎಂದು ಕೇಳಿದೆ.

ಹುಡುಗಿ ಥಟ್ಟನೆ, "ಹೀರೋ ಕಾಯ್ತಾನೆ ಆಂಟಿ. ಬಸ್ ಸ್ಟಾಪಲ್ಲಿ ನಿಂತ್ಕೊಂಡು ಕಾಯ್ತಾನೆ. ಗಂಡಸ್ರು ಕಾಯೋದು ನೀವು ಬೇರೆ ಎಲ್ಲಿ ನೋಡಿದೀರಿ?" ಎಂದಳು. ಇವಳ ಗಂಡ ಇವಳನ್ನು ಕರೆದೊಯ್ಯಲು ಒಂದು ದಿನವೂ ಬಂದದ್ದಿಲ್ಲ.

ಟೈರಣ್ಣ ಮೀಸೆ ಒರೆಸಿಕೊಂಡ. "ಅದೆಲ್ಲ ಇರ್ಲಿ. ಇದು ಹದಿನಾರೇ ಕಂತು ಮೇಡಂ. ನಮ್ಮ ಟಿವೀಲಿ ಒಬ್ಬಳು ಸೊಸೆ ಸಾವಿರ ಎಪಿಸೋಡ್ ಅಳ್ತಾಳೆ. ನನ್ನಂಥೋನು ಸಾವಿರದ್ದು ಶುರು ಮಾಡಿದ್ರೆ ಕೊನೇದು ಯಾರು ನೋಡ್ತಾರೆ? ಮುಗಿಯೋ ಕಥೆನೇ ಬೇಕು ನನಗೆ."

ಐದು ವರ್ಷದಿಂದ ಮಷಿನ್ ಮೇಲಿದ್ದಾನಂತೆ.


ಮಾರ್ಚ್ 13, ಬುಧವಾರ

ಇವತ್ತು ಟೈರಣ್ಣನ ಬಿಪಿ ಇಳಿಯಿತು. ಕಾಲು ಹಿಡಿದುಕೊಂಡು ಒದ್ದಾಡಿದ. ಸರಿಹೋದ ಮೇಲೆ ಸೀರಿಯಲ್ ಬೇಡ, ಮಾತಾಡೋಣ ಎಂದ. ಹೆಂಡತಿಗೆ ಶುಗರ್, ಕಿಡ್ನಿ ಕೊಡುವ ಹಾಗಿಲ್ಲ. ಅಣ್ಣ ಟೆಸ್ಟಿಗೆ ಬರುತ್ತೇನೆಂದು ಹೇಳಿದ ದಿನ ಫೋನ್ ಸ್ವಿಚ್ ಆಫ್ ಮಾಡಿದ. ಆಮೇಲೆ ಆನ್ ಮಾಡಲೇ ಇಲ್ಲ. ಅದನ್ನು ನಗುತ್ತಲೇ ಹೇಳಿದ.

"ನಿಮಗೆ ಯಾರೂ ಇಲ್ವಾ ಮೇಡಂ?"

ಹೇಳಬಾರದಿತ್ತು. ಹೇಳಿದೆ. ತಂಗಿಯದು ಹೊಂದಿದ್ದು, ಅವಳಿಗೊಂದು ಸುಳ್ಳು, ಡಾಕ್ಟರಿಗೊಂದು ಸುಳ್ಳು. ಜಾಣತನದ ಕೆಲಸ ಮಾಡಿದವಳ ಹಾಗೆ ಹೇಳಿದೆ.

ಅವನು ಮಷಿನ್ನಿನ ಕೆಂಪು ಪೈಪು ನೋಡುತ್ತಾ ಮಲಗಿದ. ನಿದ್ದೆ ಬಂತೇನೋ ಅಂದುಕೊಂಡೆ.

ಸೂಜಿ ತೆಗೆದ ಹೊತ್ತಿಗೆ ಬಾಗಿಲಲ್ಲಿ ತಂಗಿ. ಡಾಕ್ಟರು ಎದುರಿಗೆ ಸಿಕ್ಕವರು ಅವಳ ಹೆಗಲು ತಟ್ಟಿ, "ಇರ್ಲಿ ಬಿಡಮ್ಮ, ಬೇಜಾರು ಮಾಡ್ಕೋಬೇಡ" ಎಂದು ಹೋದರಂತೆ. "ಎಷ್ಟು ಒಳ್ಳೆಯವರು ಅಲ್ವಾ ಅಕ್ಕ?" ಎಂದಳು. ಕಾರಿನಲ್ಲಿ ಮನೆಯವರೆಗೂ ಅದೇ ಮಾತು. ನಾನು ಟ್ರಾಫಿಕ್ಕಿಗೆ ಬೈಯುತ್ತಾ ಬಂದೆ.


ಮಾರ್ಚ್ 15, ಶುಕ್ರವಾರ

ತಂಗಿ ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದಾಳೆ. ಚಿಕ್ಕಪ್ಪನ ಮಗ, ಸೋದರತ್ತೆಯ ಮಗಳು, ಮದುವೆಯಲ್ಲಿ ಒಂದು ಸಲ ನೋಡಿದ್ದ ಯಾರೋ. ಒಬ್ಬೊಬ್ಬರದೂ ಒಂದೊಂದು ನೆಪ. "ನನ್ನದೇ ಸರಿಯಿದ್ದಿದ್ರೆ ಇವರ ಕಾಲೆಲ್ಲ ಹಿಡೀಬೇಕಿರಲಿಲ್ಲ" ಎಂದು ತನ್ನ ಹೊಟ್ಟೆಗೆ ತಾನೇ ಒಂದು ಗುದ್ದಿಕೊಂಡಳು.

ಹೋಗಲಿ ಬಿಡೆ ಎಂದು ರೇಗಿದೆ. ಬೇರೆ ಏನು ಮಾಡಲಿ? ರೇಗುವುದೊಂದೇ ನನಗೆ ಸಲೀಸಾಗಿ ಬರುವುದು.


ಮಾರ್ಚ್ 18, ಸೋಮವಾರ. ಮನೆ

ಬರೆಯದಿದ್ದರೆ ಸಮಾಧಾನವಿಲ್ಲ.

ಹದಿನಾಲ್ಕನೇ ಕಂತು. ಲಿಫ್ಟಿನವನಿಗೆ ಕಣ್ಣು ಹೋಗುತ್ತಿದೆ. ಡಾಕ್ಟರು ಹೇಳಿದರು. ಈ ಗೂಬೆ ಏನು ಮಾಡಿದ? ಅವಳಿಗೆ ಹೊರೆಯಾಗಬಾರದಂತೆ. ಅವಳ ಮುಂದೆ ಹೋಗಿ ನಿಂತು, ನಿನ್ನ ಮೇಲೆ ನನಗೆ ಮನಸ್ಸೇ ಇರಲಿಲ್ಲ ಎಂದು ಹೇಳಿ, ಬ್ಯಾಗ್ ಎತ್ತಿಕೊಂಡು ಯಾವುದೋ ದ್ವೀಪಕ್ಕೆ ಹೊರಟ. ಅವಳು ತನ್ನಲ್ಲೇ ಏನೋ ಕೊರತೆ ಎಂದು ಗೋಳಾಡುತ್ತಾ ಬಿದ್ದಳು.

ನನಗೆ ರಕ್ತ ಕುದಿಯಿತು. "ಬಾಯಿಬಿಟ್ಟು ಹೇಳೋಕೆ ಏನು ದಾಡಿ ಇವನಿಗೆ? ಅವಳ ಬದುಕು ತೀರ್ಮಾನ ಮಾಡೋಕೆ ಇವನ್ಯಾರು? ತ್ಯಾಗ ಅಂತೆ, ತ್ಯಾಗ! ಅಹಂಕಾರ ಇದು. ಅವಳನ್ನ ಒಂದು ಮಾತು ಕೇಳಬಾರ್ದಾ ಮುಟ್ಠಾಳ!" ಎಂದು ಕೂಗಿದೆ. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಕೈ ಎತ್ತಿಬಿಟ್ಟೆ, ಸೂಜಿ ಜರುಗಿ ಮಷಿನ್ ಅಲಾರಂ ಹೊಡೆದುಕೊಂಡಿತು. ಹುಡುಗಿ ಓಡಿ ಬಂದು ಸರಿ ಮಾಡಿದಳು.

ಟೈರಣ್ಣ ವಿಡಿಯೋ ನಿಲ್ಲಿಸಿದ. ನನ್ನ ಮುಖವನ್ನೇ ನೋಡಿದ. ನಾನೂ ನೋಡಿದೆ. ಆಗ ಹೊಳೆಯಿತು.

"ಬೈದ್ರಲ್ಲ ಮೇಡಂ, ಇನ್ನೂ ಬೈರಿ" ಎಂದ. ದನಿ ಎತ್ತರಿಸಲಿಲ್ಲ. "ನನ್ನ ಅಣ್ಣ ಫೋನ್ ಆಫ್ ಮಾಡಿದ. ಅವನಿಗೆ ನಿಜವಾಗ್ಲೂ ಹೆದರಿಕೆ ಇತ್ತು. ನಿಮ್ಮ ತಂಗಿ ಬಾಗಿಲಲ್ಲಿ ಬಂದು ನಿಂತಿದಾಳೆ, ನೀವು ಅವಳ ಹೆಸರಿಗೆ ಹೆದರಿಕೆ ಅಂಟಿಸಿದ್ರಿ. ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರಂತೆ! ಇಲ್ಲಿ ಮಲಗಿರೋರಲ್ಲಿ ಯಾರಿಗೆ ಬೇಕಾದ್ರೂ ಕೇಳಿ, ಅಂಥ ತಂಗಿ ಸಿಕ್ಕಿದ್ರೆ ಏನು ಮಾಡ್ತಿದ್ರು ಅಂತ."

"ನಿನಗೇನು ಗೊತ್ತು? ನನ್ನ ಮನೆ ವಿಷಯ" ಎಂದೆ.

"ಹೌದು, ನನ್ನ ಫೋನೂ ನನ್ನದೇ" ಎಂದು ಸ್ಟ್ಯಾಂಡನ್ನು ಆ ಕಡೆ ತಿರುಗಿಸಿಕೊಂಡ. ಇಯರ್‌ಫೋನ್ ಹಾಕಿಕೊಂಡ.


ಮಾರ್ಚ್ 20, ಬುಧವಾರ

ನಾಲ್ಕು ಗಂಟೆಯೂ ಅವನ ಫೋನಿನ ಬೆನ್ನು ನೋಡುತ್ತಾ ಕೂತೆ. ಅವನೂ ಸೀರಿಯಲ್ ನೋಡಲಿಲ್ಲ, ಯಾವುದೋ ಲಾರಿ ರೇಸ್ ನೋಡಿದ. ನನ್ನನ್ನು ಬಿಟ್ಟು ಮುಂದಿನ ಕಂತು ನೋಡುವುದಿಲ್ಲ ಎಂದು ಹುಡುಗಿಯ ಹತ್ತಿರ ಹೇಳಿದನಂತೆ. ನನಗೂ ತೋರಿಸುವುದಿಲ್ಲವಂತೆ. ಇದೆಂಥ ಹಠ! ಐವತ್ತು ದಾಟಿದ ಗಂಡಸು!


ಮಾರ್ಚ್ 22, ಶುಕ್ರವಾರ

ಅದೇ. ಲಾರಿ ರೇಸ್.

ನನ್ನದು ಬಟನ್ ಫೋನು. ಬೇಕಾಗಿಲ್ಲ ಎಂದು ದೊಡ್ಡಸ್ತಿಕೆ ಹೊಡೆದದ್ದಕ್ಕೆ ಈಗ ಅನುಭವಿಸಬೇಕು. ಲಿಫ್ಟಿನವನಿಗೆ ಪೂರ್ತಿ ಕಣ್ಣು ಹೋಯಿತೋ? ಅವಳಿಗೆ ಗೊತ್ತಾಯಿತೋ? ಕಾರು ರಿವರ್ಸ್ ಕಲಿಸುವಾಗಲೂ ಅದೇ ಯೋಚನೆ. ಸ್ಟೂಡೆಂಟ್ ಹೋಗಿ ಕಂಪೌಂಡಿಗೆ ತಾಗಿಸಿದಳು. ಅವಳನ್ನು ಬೈದೆ. ತಪ್ಪು ನನ್ನದು.

ಸೀರಿಯಲ್ ಬರುವ ಆ ಆ್ಯಪ್ ತಂಗಿಯ ಫೋನಿನಲ್ಲಿದೆ. ಭಾನುವಾರ ಬಾ ಎಂದೆ. "ಅಕ್ಕಾ, ನೀನು ಕೊರಿಯನ್ ನೋಡ್ತೀಯಾ?" ಎಂದು ಬಿದ್ದು ಬಿದ್ದು ನಕ್ಕಳು. ಎರಡು ವಾರದಿಂದ ಅವಳು ನಕ್ಕದ್ದು ಇದೇ ಮೊದಲು.


ಮಾರ್ಚ್ 24, ಭಾನುವಾರ. ಸಂಜೆ

ಮಗಳನ್ನು ಗಂಡನ ಹತ್ತಿರ ಬಿಟ್ಟು ತಂಗಿ ಬಂದಿದ್ದಳು. ಮಂಚದ ಮೇಲೆ ಇಬ್ಬರೂ ಗೋಡೆಗೊರಗಿ ಕೂತೆವು. ಫೋನ್ ಅವಳ ಮೊಣಕಾಲ ಮೇಲೆ. ಹಿಂದಿನ ಕಥೆ ನಾನು ಹೇಳಿದೆ. ಹದಿನೈದನೇ ಕಂತು. ಹೀರೋಯಿನ್ನಿಗೆ ನಿಜ ತಿಳಿಯುತ್ತದೆ. ದೋಣಿ ಹತ್ತಿ ದ್ವೀಪಕ್ಕೆ ಹೋಗುತ್ತಾಳೆ. ಅವನ ಬಾಗಿಲು ತಟ್ಟುತ್ತಾಳೆ. ಅವನು ತೆರೆದ ಕೂಡಲೇ ಕಪಾಳಕ್ಕೆ ಬಾರಿಸುತ್ತಾಳೆ.

"ಹಾಕು ಇನ್ನೊಂದು!" ಎಂದಳು ತಂಗಿ. "ಕಣ್ಣು ಹೋದ್ರೆ ಹೋಗ್ಲಿ ಅಕ್ಕ. ಸುಳ್ಳು ಹೇಳಿದ್ನಲ್ಲ, ಅದು. ಅವಳು ದಿನಾ ತನ್ನನ್ನೇ ಬೈಕೊಂಡಿದಾಳೆ, ಇವನಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದ. ನನಗೇನಾದ್ರೂ ಯಾರಾದ್ರೂ ಹೀಗೆ ಮಾಡಿದ್ರೆ ಜನ್ಮದಲ್ಲಿ ಮುಖ ನೋಡಲ್ಲ."

ಫೋನ್ ಮೇಲೆ ಬೆರಳಿಟ್ಟು ನಿಲ್ಲಿಸಿದೆ.

"ಯಾಕೆ? ಬಾತ್‌ರೂಮಿಗಾ?"

"ನಿಂದು ಹೊಂದಿತ್ತು ಕಣೆ" ಎಂದೆ.

ಅರ್ಥವಾಗಲಿಲ್ಲ ಅವಳಿಗೆ. ಮತ್ತೆ ಹೇಳಿದೆ. ನಿನಗೆ ಹೊಂದಲಿಲ್ಲ ಎಂದೆ, ಡಾಕ್ಟರಿಗೆ ನೀನು ಹೆದರಿದೆ ಎಂದೆ. ಎರಡನ್ನೂ ಹೇಳಿದೆ. ಹೆಗಲು ತಟ್ಟಿದ್ದು ಯಾಕೆ ಎಂದು ಅವಳಿಗೆ ತಿಳಿದದ್ದು ಮುಖದಲ್ಲೇ ಕಂಡಿತು.

ಬಾರಿಸಲಿಲ್ಲ. ಬಾರಿಸಿದ್ದರೆ ಚೆನ್ನಾಗಿತ್ತು. ಫೋನ್ ತೆಗೆದುಕೊಂಡಳು, ಚಪ್ಪಲಿ ಹಾಕಿಕೊಂಡಳು. ಬಾಗಿಲಲ್ಲಿ ನಿಂತು, "ಅವರೆಲ್ಲ ನನ್ನನ್ನ ಹೇಡಿ ಅಂದ್ಕೊಂಡಿದಾರೆ, ಅಲ್ವಾ? ಅಕ್ಕನ್ನ ಸಾಯೋಕೆ ಬಿಟ್ಟೋಳು ಅಂತ" ಎಂದಳು. ಹೋದಳು.

ಸಾಕಿದ ಮಗು ಅದು. ಅದರ ಮುಖಕ್ಕೆ ಮಸಿ ಬಳಿದೆನಲ್ಲ.


ಮಾರ್ಚ್ 29, ಶುಕ್ರವಾರ

ಬುಧವಾರ ಹೋಗಲಿಲ್ಲ. ಸೋಮವಾರವೂ ಇಲ್ಲ. ಯಾರಿಗಾಗಿ ಹೋಗಲಿ ಎನಿಸಿತು. ಇವತ್ತು ಕಾಲು ಊದಿ ಚಪ್ಪಲಿಯೊಳಗೆ ಹೋಗಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಟೋದಲ್ಲಿ ಬಂದೆ. ಡಾಕ್ಟರು ಹಿಗ್ಗಾಮುಗ್ಗಾ ಉಗಿದರು. ಸೂಜಿ ಚುಚ್ಚುವಾಗ ಟೆಕ್ನಿಷಿಯನ್ ಹುಡುಗಿಯ ಕಣ್ಣು ಕೆಂಪಗಿತ್ತು.

ಇಲ್ಲಿ ಕುರ್ಚಿ ಖಾಲಿಯಾದರೆ ಯಾರೂ ಕಾರಣ ಕೇಳುವುದಿಲ್ಲ, ಸತ್ತರೆಂದೇ ತಿಳಿಯುತ್ತಾರೆ. ನನ್ನದು ಎರಡು ಸಲ ಖಾಲಿಯಿತ್ತು.

ಟೈರಣ್ಣ, "ಫೋನ್ ತಿರುಗಿಸಿಕೊಂಡಿದ್ದಕ್ಕೆ ಹೋದ್ರೇನೋ ಅಂದ್ಕೊಂಡೆ ಮೇಡಂ. ಎರಡು ದಿನ ಅನ್ನ ಸೇರಲಿಲ್ಲ" ಎಂದ.

"ತಂಗಿಗೆ ಹೇಳಿದೆ" ಎಂದೆ.

"ಏನಂದ್ಲು?"

"ಎದ್ದು ಹೋದ್ಲು. ಫೋನ್ ಎತ್ತುತ್ತಿಲ್ಲ."

ಸ್ಟ್ಯಾಂಡನ್ನು ನನ್ನ ಕಡೆ ತಿರುಗಿಸಿದ. ಸೀರಿಯಲ್ ಹಾಕಲಿಲ್ಲ. ಖಾಲಿ ಸ್ಕ್ರೀನು ಹಾಗೇ ಇತ್ತು.


ಏಪ್ರಿಲ್ 1, ಸೋಮವಾರ

ಮಷಿನ್ ಶುರುವಾಗಿ ಅರ್ಧ ಗಂಟೆಯಾಗಿತ್ತು. ತಂಗಿ ಬಂದಳು. ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೇ ಬಂದಳು. ಸ್ಟೂಲು ಎಳೆದು ನಮ್ಮಿಬ್ಬರ ನಡುವೆ ಕೂತಳು. ಬೆನ್ನು ನನ್ನ ಕಡೆ.

"ಅಣ್ಣಾ, ಕೊನೇ ಕಂತು ನೋಡಿದ್ರಾ?" ಎಂದು ಟೈರಣ್ಣನನ್ನು ಕೇಳಿದಳು.

"ಹದಿನೈದೇ ನೋಡಿಲ್ಲಮ್ಮ."

"ನಾನು ನೋಡಿದೆ. ಅರ್ಧ. ಬಾಕಿ ಅರ್ಧ ಒಬ್ಬರು ಹಾಳು ಮಾಡಿದ್ರು. ಹಾಕಿ."

ಎರಡೂ ಕಂತು ನೋಡಿದೆವು. ಟೈರಣ್ಣ ಅತ್ತ, ಹುಡುಗಿ ಅತ್ತಳು. ಹೀರೋಗೆ ಕಣ್ಣು ಬರಲಿಲ್ಲ. ಡಾಕ್ಟರು ಬಂದು ಪವಾಡ ಮಾಡುತ್ತಾರೆ ಎಂದು ಕಾದಿದ್ದೆ, ಇಲ್ಲ. ಅವಳು ಅವನ ಕೈ ಹಿಡಿದು ಲಿಫ್ಟಿನ ಬಟನ್‌ಗಳನ್ನು ಮುಟ್ಟಿ ಮುಟ್ಟಿ ತೋರಿಸುತ್ತಾಳೆ, ಅಷ್ಟೇ. ಮುಗಿಯಿತು. ತಂಗಿ ನನ್ನ ಕಡೆ ತಿರುಗಲೇ ಇಲ್ಲ. ನಾನು ನೋಡುತ್ತಿದ್ದುದು ಅವಳ ಮೊಣಕೈಯ ಒಳಮಗ್ಗುಲು. ಅಲ್ಲೊಂದು ಹತ್ತಿ, ಮೇಲೆ ಬಿಳಿ ಟೇಪು. ರಕ್ತ ಆಗ ತಾನೇ ತೆಗೆದದ್ದು.

"ಏನೇ ಅದು?" ಎಂದೆ.

ಆಗ ತಿರುಗಿದಳು. "ಉಳಿದಿದ್ದ ಟೆಸ್ಟು. ಡಾಕ್ಟ್ರ ಹತ್ರ ನಾನೇ ಹೋದೆ. ಹೇಡಿ ಅಲ್ಲ ಅಂತ ಹೇಳಿ ಬಂದೆ. ಬುಧವಾರ ಹತ್ತಕ್ಕೆ ರಿಸಲ್ಟು. ಈ ಸಲ ನಾನೂ ಎದುರಿಗಿರ್ತೀನಿ."

"ಬೇಡ ಕಣೆ, ಮಗು..."

"ಮಗು ನನ್ನದು. ಹೊಟ್ಟೆ ನನ್ನದು. ನಿನ್ನದು ಒಂದೇ ಒಂದು ಇದೆ ಇದರಲ್ಲಿ." ದನಿ ಒಡೆಯಿತು. "ನಿಂಗೆ ಬದುಕೋಕೆ ಇಷ್ಟ ಇದೆಯಾ, ಇಲ್ವಾ? ಅದನ್ನ ನೀನು ಇವತ್ತಿನವರೆಗೂ ಹೇಳಿಲ್ಲ. ನನಗೆ ಬೇಡ, ನನಗೆ ಬೇಡ, ಬರೀ ಇದೇ. ಡಾಕ್ಟ್ರ ಮುಂದೆ ನೀನು ಬಾಯಿಬಿಟ್ಟು ಕೇಳಬೇಕು. ಕೇಳಲಿಲ್ಲ ಅಂದ್ರೆ ನಾನು ಕೊಡಲ್ಲ ಅಕ್ಕ. ಕಸ ಎಸೆದ ಹಾಗೆ ಕೊಡೋಕೆ ನನಗೂ ಆಗಲ್ಲ."

ಟೈರಣ್ಣ ಗೋಡೆ ನೋಡುತ್ತಿದ್ದ. ಅವಳು ಎದ್ದು ಹೋದಳು.


ಏಪ್ರಿಲ್ 3, ಬುಧವಾರ. ಬೆಳಿಗ್ಗೆ, ಮನೆ

ಕರೆದುಕೊಂಡು ಹೋಗಲು ಬರುತ್ತೇನೆ ಎಂದು ರಾತ್ರಿ ಮೆಸೇಜ್. ಅದರಲ್ಲಿ ಅಕ್ಕ ಎಂಬ ಮಾತಿಲ್ಲ.

ಎರಡು ದಿನದಿಂದ ಕನ್ನಡಿ ಮುಂದೆ ನಿಂತು ಹೇಳಿ ನೋಡುತ್ತಿದ್ದೇನೆ. ಬರುವುದಿಲ್ಲ. ಅಮ್ಮ ಹೋದಂದಿನಿಂದ ಯಾರ ಹತ್ತಿರವೂ ಏನೂ ಕೇಳಿದವಳಲ್ಲ. ಕೇಳದೆ ಇರುವುದೇ ದೊಡ್ಡತನ ಅಂದುಕೊಂಡಿದ್ದೆ. ಕೊಡಬೇಕೆಂದು ಬಂದವಳಿಗೆ ಅದು ಎಷ್ಟು ನೋಯುತ್ತದೆ ಎಂದು ಗೊತ್ತಿರಲಿಲ್ಲ. ಕೇಳಿಬಿಟ್ಟರೆ, ನಾಳೆ ಅವಳಿಗೇನಾದರೂ ಆದರೆ, ಆ ಮಗುವಿನ ಮುಂದೆ ಹೇಗೆ ನಿಲ್ಲಲಿ? ಈ ಹೆದರಿಕೆ ನಿಜವಾಗಿ ನನ್ನದು. ಡಾಕ್ಟರಿಗೆ ಅವಳದೆಂದು ಹೇಳಿದೆ.

ಬರೆದಾದರೂ ನೋಡುತ್ತೇನೆ. ಬರೆದರೆ ಬಾಯಿಗೆ ಬಂದೀತು.

ನನಗೆ ಬದುಕಬೇಕು. ಆಸೆ ಇದೆ. ತುಂಬ ಇದೆ. ಹೊಟ್ಟೆ ತುಂಬ ನೀರು ಕುಡಿಯಬೇಕು. ಆ ಮಗುವಿಗೆ ಕಾರು ಕಲಿಸಬೇಕು. ನಿನ್ನ ಜತೆ ಇನ್ನೂ ಜಗಳವಾಡಬೇಕು.

ಕೆಳಗೆ ಗೇಟಿನ ಸದ್ದು. ಮೆಟ್ಟಿಲು ಹತ್ತುತ್ತಿದ್ದಾಳೆ. ಡಾಕ್ಟರ ಮುಂದೆ ಯಾಕೆ, ಬಾಗಿಲಲ್ಲೇ ಕೇಳಿಬಿಡುತ್ತೇನೆ. ತಂಗೀ, ನಿನ್ನ ಕಿಡ್ನಿ ನನಗೆ —